ಮನೆಮನೆಗೆ ಕ್ಯಾಮೆರಾ ತಲುಪಿಸಿದ ಜಾರ್ಜ್ ಈಸ್ಟ್‌ಮನ್: ಬ್ಯಾಂಕ್ ಗುಮಾಸ್ತ ಕಟ್ಟಿದ ಕೊಡಾಕ್ ಸಾಮ್ರಾಜ್ಯದ ಕಥೆ

1888ರ ಸೆಪ್ಟೆಂಬರ್ 4. ಫೋಟೋಗ್ರಫಿಯ ಇತಿಹಾಸದಲ್ಲಿ ಮರೆಯಲಾಗದ ದಿನ. ಅಂದು ಅಮೆರಿಕದ ಪೇಟೆಂಟ್ ಕಚೇರಿ ಪುಟ್ಟ ಪೆಟ್ಟಿಗೆಯಂಥ ಒಂದು ಕ್ಯಾಮೆರಾಗೆ ಪೇಟೆಂಟ್ ನೀಡಿತು. ಅದೇ ದಿನ ಆ ಕ್ಯಾಮೆರಾದ ಹೆಸರೂ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಯಿತು. ಯಾವ ಭಾಷೆಯಲ್ಲೂ ಅರ್ಥವಿಲ್ಲದ ಆ ಹೆಸರು ಕೊಡಾಕ್. ಎರಡರ ಹಿಂದೆಯೂ ಇದ್ದವರು ಜಾರ್ಜ್ ಈಸ್ಟ್‌ಮನ್. ಆಗ ಅವರಿಗೆ 34 ವರ್ಷ. ಏಳು ವರ್ಷ ಹಿಂದಷ್ಟೇ ಬ್ಯಾಂಕ್ ಗುಮಾಸ್ತನ ಕೆಲಸ ಬಿಟ್ಟು ಬಂದಿದ್ದರು.

ಅದಕ್ಕೂ ಮೊದಲು ಫೋಟೋ ತೆಗೆಸಿಕೊಳ್ಳಬೇಕೆಂದರೆ ಸ್ಟುಡಿಯೋಗೆ ಹೋಗಬೇಕಿತ್ತು. ತೆಗೆಯಬೇಕೆಂದರೆ ರಸಾಯನಶಾಸ್ತ್ರ ಗೊತ್ತಿರಬೇಕಿತ್ತು. ಮಗುವಿನ ಮೊದಲ ಹೆಜ್ಜೆ, ಮನೆ ಮುಂದೆ ಕೂತ ಅಜ್ಜಿ, ಊರ ಹೊರಗಿನ ಕೆರೆ ಇವೆಲ್ಲ ಫೋಟೋಗೆ ತಕ್ಕ ವಿಷಯಗಳೆಂದು ಯಾರಿಗೂ ಅನ್ನಿಸಿರಲಿಲ್ಲ. ಅನ್ನಿಸಿದ್ದರೂ ತೆಗೆಯುವ ದಾರಿ ಇರಲಿಲ್ಲ. ಫೋಟೋದ ಕಷ್ಟವನ್ನೆಲ್ಲ ಗ್ರಾಹಕನ ಹೆಗಲಿನಿಂದ ಇಳಿಸಿ ಕಂಪನಿಯ ಹೆಗಲಿಗೆ ಹಾಕಿದ್ದೇ ಈಸ್ಟ್‌ಮನ್ ಸಾಧನೆ. ಅದರಿಂದ ಅವರಿಗೆ ಅಪಾರ ಸಂಪತ್ತು ಬಂತು. ಜೊತೆಗೆ ಕೋರ್ಟು ಕಚೇರಿಯೂ ಬಂತು.

ತಂದೆ ಇಲ್ಲದ ಮನೆ, ವಾರಕ್ಕೆ 3 ಡಾಲರ್ ಸಂಬಳ

ಜಾರ್ಜ್ ಹುಟ್ಟಿದ್ದು 1854ರ ಜುಲೈ 12ರಂದು, ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಜಾರ್ಜ್ ವಾಷಿಂಗ್ಟನ್ ಈಸ್ಟ್‌ಮನ್ ಅದೇ ರಾಜ್ಯದ ರಾಚೆಸ್ಟರ್ ನಗರದಲ್ಲಿ ವಾಣಿಜ್ಯ ಕಾಲೇಜು ನಡೆಸುತ್ತಿದ್ದರು. ಕುಟುಂಬವೂ ರಾಚೆಸ್ಟರ್‌ಗೆ ಬಂದು ನೆಲೆಸಿತು. ಆದರೆ 1862ರಲ್ಲಿ ತಂದೆ ತೀರಿಕೊಂಡರು. ಜಾರ್ಜ್‌ಗೆ ಇನ್ನೂ ಎಂಟು ತುಂಬಿರಲಿಲ್ಲ.

ತಾಯಿ ಮರಿಯಾ ಕಿಲ್‌ಬೋರ್ನ್ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಬಾಡಿಗೆಯವರಿಗೆ ಅಡುಗೆ ಮಾಡಿ ಹಾಕಿ ಮೂವರು ಮಕ್ಕಳನ್ನು ಸಾಕಿದರು. ಇಬ್ಬರು ಅಕ್ಕಂದಿರಲ್ಲಿ ಕೇಟಿಗೆ ಪೋಲಿಯೋ ತಗುಲಿ ಗಾಲಿಕುರ್ಚಿಯೇ ಗತಿಯಾಗಿತ್ತು. 1870ರಲ್ಲಿ ಆಕೆಯೂ ತೀರಿಕೊಂಡಳು.

ಮನೆಯ ಸ್ಥಿತಿ ಕಂಡ ಜಾರ್ಜ್ ಹದಿಹರೆಯಕ್ಕೆ ಕಾಲಿಡುವಾಗಲೇ ಶಾಲೆ ಬಿಟ್ಟ. ವಿಮಾ ಕಚೇರಿಯೊಂದರಲ್ಲಿ ಓಡಾಟದ ಹುಡುಗನಾಗಿ ಸೇರಿಕೊಂಡ. ಸಂಬಳ ವಾರಕ್ಕೆ 3 ಡಾಲರ್. ಆಮೇಲೆ ಮತ್ತೊಂದು ವಿಮಾ ಕಚೇರಿಯಲ್ಲಿ ವಾರಕ್ಕೆ 5 ಡಾಲರ್ ಸಿಕ್ಕಿತು. ರಾತ್ರಿ ಮನೆಯಲ್ಲಿ ಕೂತು ಲೆಕ್ಕಪತ್ರ ಕಲಿತ. 1874ರಲ್ಲಿ ರಾಚೆಸ್ಟರ್ ಸೇವಿಂಗ್ಸ್ ಬ್ಯಾಂಕಿನಲ್ಲಿ ಕಿರಿಯ ಗುಮಾಸ್ತನ ಕೆಲಸ ಸಿಕ್ಕಾಗ ಸಂಬಳ ವಾರಕ್ಕೆ 15 ಡಾಲರ್ ದಾಟಿತು. ಆ ಕಾಲಕ್ಕೆ ಅದು ನೆಮ್ಮದಿಯ ನೌಕರಿ. ಬೇರೆ ಯಾರೇ ಆಗಿದ್ದರೂ ಅಲ್ಲೇ ನಿಂತುಬಿಡುತ್ತಿದ್ದರು.

ಹೋಗದೇ ಉಳಿದ ಪ್ರವಾಸ

ಬ್ಯಾಂಕಿನಲ್ಲಿದ್ದಾಗ ಈಸ್ಟ್‌ಮನ್ ಕೆರಿಬಿಯನ್ ಸಮುದ್ರದ ಸ್ಯಾಂಟೋ ಡೊಮಿಂಗೋಗೆ ರಜೆಯ ಪ್ರವಾಸ ಹೋಗಬೇಕೆಂದುಕೊಂಡರು. ಹೋದ ಜಾಗದ ಫೋಟೋಗಳನ್ನು ತೆಗೆದುಕೊಂಡು ಬಾ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಈಸ್ಟ್‌ಮನ್ ಕ್ಯಾಮೆರಾ ಸಾಮಗ್ರಿ ಕೊಂಡರು. ಬಳಸುವುದನ್ನು ಕಲಿಯಲು ಪ್ರತ್ಯೇಕವಾಗಿ 5 ಡಾಲರ್ ಶುಲ್ಕವನ್ನೂ ಕೊಟ್ಟರು.

ಆ ಸಾಮಗ್ರಿಯೇ ಒಂದು ಗಾಡಿಯಾಗುವಷ್ಟಿತ್ತು. ದೊಡ್ಡ ಪೆಟ್ಟಿಗೆಯಂಥ ಕ್ಯಾಮೆರಾ, ಅದನ್ನು ಹೊರುವ ಭಾರದ ಸ್ಟ್ಯಾಂಡು, ಗಾಜಿನ ಪ್ಲೇಟುಗಳು, ರಾಸಾಯನಿಕದ ಬಾಟಲಿಗಳು, ನೀರಿನ ಪಾತ್ರೆ, ಇವೆಲ್ಲದರ ಜೊತೆಗೆ ಒಂದು ಟೆಂಟು. ಅದು ವೆಟ್ ಪ್ಲೇಟ್ ಕಾಲ. ಗಾಜಿನ ಮೇಲೆ ರಾಸಾಯನಿಕ ಲೇಪ ಬಳಿದು, ಅದು ಹಸಿಯಾಗಿರುವಾಗಲೇ ಕ್ಯಾಮೆರಾಗೆ ಹಾಕಿ ಫೋಟೋ ತೆಗೆದು, ಒಣಗುವ ಮೊದಲೇ ಕತ್ತಲಲ್ಲಿ ತೊಳೆಯಬೇಕಿತ್ತು. ಅದಕ್ಕಾಗಿಯೇ ಟೆಂಟು.

ಪ್ರವಾಸ ಕೊನೆಗೂ ನಡೆಯಲಿಲ್ಲ. ಆದರೆ ಫೋಟೋ ತೆಗೆಯಲು ಇಷ್ಟೊಂದು ಹೊರೆ ಏಕೆ ಬೇಕು ಎಂಬ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು.

ಅಮ್ಮನ ಅಡುಗೆಮನೆಯೇ ಪ್ರಯೋಗಾಲಯ

ಇಂಗ್ಲೆಂಡಿನಲ್ಲಿ ಆಗಲೇ ಹೊಸ ಪ್ರಯೋಗಗಳು ನಡೆಯುತ್ತಿದ್ದವು. ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯ 1871ರಲ್ಲಿ ಜೆಲಟಿನ್ ಲೇಪದ ಒಣ ಪ್ಲೇಟಿನ ವಿಚಾರವನ್ನು ಪ್ರಕಟಿಸಿದ್ದರು. ಒಣ ಪ್ಲೇಟನ್ನು ಮೊದಲೇ ತಯಾರಿಸಿಟ್ಟುಕೊಂಡು ಬೇಕೆಂದಾಗ ಬಳಸಬಹುದು, ಪುರುಸೊತ್ತಾದಾಗ ತೊಳೆಯಬಹುದು. ಬ್ರಿಟಿಷ್ ಪತ್ರಿಕೆಗಳಲ್ಲಿ ಇದನ್ನು ಓದಿದ ಈಸ್ಟ್‌ಮನ್ ತಾವೂ ತಯಾರಿಸಲು ಹೊರಟರು.

ಹಗಲು ಬ್ಯಾಂಕಿನ ಲೆಕ್ಕ, ರಾತ್ರಿ ಅಮ್ಮನ ಅಡುಗೆಮನೆಯಲ್ಲಿ ಜೆಲಟಿನ್ ಪಾಕ. ಎಷ್ಟೋ ರಾತ್ರಿ ಒಲೆಯ ಪಕ್ಕದ ನೆಲದ ಮೇಲೆಯೇ ಮಲಗಿಬಿಡುತ್ತಿದ್ದರು. ಕೈಯಿಂದ ಒಂದೊಂದೇ ಪ್ಲೇಟಿಗೆ ಲೇಪ ಬಳಿಯುವ ಬದಲು ಯಂತ್ರದಿಂದಲೇ ಬಳಿಯುವ ವಿಧಾನವನ್ನು ಕಂಡುಹಿಡಿದರು. 1879ರಲ್ಲಿ ಇಂಗ್ಲೆಂಡಿನಲ್ಲಿ, 1880ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

1880ರಲ್ಲಿ ರಾಚೆಸ್ಟರ್‌ನ ಸ್ಟೇಟ್ ಸ್ಟ್ರೀಟ್‌ನ ಕಟ್ಟಡವೊಂದರ ಮೂರನೇ ಮಹಡಿಯನ್ನು ಬಾಡಿಗೆಗೆ ಹಿಡಿದು ಒಣ ಪ್ಲೇಟು ತಯಾರಿಸತೊಡಗಿದರು. ಬಂಡವಾಳ ಹಾಕಿದ್ದು ಹೆನ್ರಿ ಸ್ಟ್ರಾಂಗ್. ಅವರು ಕುದುರೆ ಗಾಡಿಯ ಚಾವಟಿ ತಯಾರಿಸುವ ಉದ್ಯಮಿ. ಒಂದು ಕಾಲಕ್ಕೆ ಮರಿಯಾ ಅವರ ಮನೆಯಲ್ಲಿ ಬಾಡಿಗೆಗಿದ್ದವರು. 1881ರ ಜನವರಿ 1ರಂದು ಇಬ್ಬರೂ ಸೇರಿ ಈಸ್ಟ್‌ಮನ್ ಡ್ರೈ ಪ್ಲೇಟ್ ಕಂಪನಿ ಆರಂಭಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಈಸ್ಟ್‌ಮನ್ ಬ್ಯಾಂಕಿಗೆ ರಾಜೀನಾಮೆ ಕೊಟ್ಟರು.

ಕೆಟ್ಟ ಮಾಲು ವಾಪಸ್, ಉಳಿದದ್ದು ಹೆಸರು

ಕಂಪನಿ ಕಣ್ಣು ಬಿಡುವ ಹೊತ್ತಿಗೇ ಪೆಟ್ಟು ಬಿತ್ತು. ಅಂಗಡಿಗಳಿಗೆ ಕಳುಹಿಸಿದ ಪ್ಲೇಟುಗಳಲ್ಲಿ ಫೋಟೋ ಮೂಡುತ್ತಿಲ್ಲ ಎಂಬ ದೂರುಗಳು ಬರತೊಡಗಿದವು. ಈಸ್ಟ್‌ಮನ್ ವಾದಕ್ಕೆ ನಿಲ್ಲಲಿಲ್ಲ. ಕೆಟ್ಟ ಪ್ಲೇಟುಗಳನ್ನೆಲ್ಲ ವಾಪಸ್ ತರಿಸಿಕೊಂಡು ಒಳ್ಳೆಯವನ್ನು ಕೊಟ್ಟರು. ಕೈಯಲ್ಲಿದ್ದ ಹಣವೆಲ್ಲ ಅದಕ್ಕೇ ಖರ್ಚಾಯಿತು. ಪ್ರಯೋಗದ ಮೇಲೆ ಪ್ರಯೋಗ ಮಾಡಿದರೂ ಕಾರಣ ತಿಳಿಯದೆ ಕೊನೆಗೆ ಇಂಗ್ಲೆಂಡಿಗೇ ಹೋಗಿ ವಿಚಾರಿಸಿದರು. ದೋಷ ಇದ್ದದ್ದು ಪೂರೈಕೆಯಾಗಿದ್ದ ಜೆಲಟಿನ್‌ನಲ್ಲಿ ಎಂದು ಗೊತ್ತಾಯಿತು.

ಅಲ್ಲಿಂದ ಮುಂದೆ ಕಚ್ಚಾ ಮಾಲಿನ ಪರೀಕ್ಷೆ ಕಂಪನಿಯ ನಿಯಮವೇ ಆಯಿತು. ಹಣ ಹೋದರೂ ನಂಬಿಕೆ ಉಳಿಯಿತು. ಸಾಮಾನ್ಯ ಜನರಿಗೆ ಕ್ಯಾಮೆರಾ ಮಾರಲು ಹೊರಟಾಗ ಕೆಲಸಕ್ಕೆ ಬಂದದ್ದು ಆ ನಂಬಿಕೆಯೇ.

25 ಡಾಲರ್, 100 ಫೋಟೋ

ಒಣ ಪ್ಲೇಟಾದರೂ ಅದು ಗಾಜೇ. ಭಾರ ಹೆಚ್ಚು, ಬಿದ್ದರೆ ಒಡೆಯುತ್ತದೆ. ಗಾಜಿನ ಬದಲು ಸುರುಳಿ ಸುತ್ತಬಹುದಾದ ವಸ್ತು ಬೇಕಿತ್ತು. ವಿಲಿಯಂ ವಾಕರ್ ಅವರ ಜೊತೆ ಸೇರಿ ಈಸ್ಟ್‌ಮನ್ ಕ್ಯಾಮೆರಾಗೆ ಜೋಡಿಸುವ ರೋಲ್ ಹೋಲ್ಡರ್ ರೂಪಿಸಿದರು. ಕಾಗದದ ಮೇಲೆ ಲೇಪ ಬಳಿದ ಫಿಲ್ಮನ್ನು 1885ರಲ್ಲಿ ಮಾರುಕಟ್ಟೆಗೆ ತಂದರು. ಆದರೆ ಸ್ಟುಡಿಯೋ ಫೋಟೋಗ್ರಾಫರ್‌ಗಳಿಗೆ ಅದು ಹಿಡಿಸಲಿಲ್ಲ. ಗಾಜಿನಷ್ಟು ಸ್ಪಷ್ಟತೆ ಅದರಲ್ಲಿರಲಿಲ್ಲ.

ಈಸ್ಟ್‌ಮನ್ ಲೆಕ್ಕಾಚಾರ ಬದಲಾದದ್ದು ಇಲ್ಲಿಯೇ. ವೃತ್ತಿಪರರು ಬೇಡವೆಂದರೆ, ಕ್ಯಾಮೆರಾವನ್ನೇ ಮುಟ್ಟದವರಿಗೆ ಮಾರಿದರಾಯಿತು ಎಂದು ಅವರು ನಿರ್ಧರಿಸಿದರು.

1888ರ ಕೊಡಾಕ್ ಹುಟ್ಟಿದ್ದು ಹೀಗೆ. ಚರ್ಮ ಹೊದಿಸಿದ ಒಂದು ಪೆಟ್ಟಿಗೆ. ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ. ದಾರ ಎಳೆಯುವುದು, ಬಟನ್ ಒತ್ತುವುದು, ಕೀಲಿ ತಿರುಗಿಸುವುದು, ಇಷ್ಟೇ ಕೆಲಸ. ಬೆಲೆ 25 ಡಾಲರ್. ಒಳಗೆ 100 ಫೋಟೋಗಳಿಗೆ ಸಾಕಾಗುವ ಫಿಲ್ಮ್ ಮೊದಲೇ ತುಂಬಿರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ 10 ಡಾಲರ್ ಜೊತೆ ರಾಚೆಸ್ಟರ್‌ಗೆ ಕಳುಹಿಸಿದರೆ, ಎರಡೂವರೆ ಇಂಚು ಅಗಲದ ದುಂಡನೆಯ ಫೋಟೋಗಳೂ ಹೊಸ ಫಿಲ್ಮ್ ತುಂಬಿದ ಕ್ಯಾಮೆರಾವೂ ಮನೆಗೆ ಬರುತ್ತಿದ್ದವು. ಬಟನ್ ಒತ್ತುವುದು ಗ್ರಾಹಕನ ಪಾಲು, ಮಿಕ್ಕಿದ್ದೆಲ್ಲ ಕಂಪನಿಯ ಪಾಲು ಎಂಬ ಅರ್ಥದ ಜಾಹೀರಾತು ಅಮೆರಿಕದಲ್ಲಿ ಮನೆಮಾತಾಯಿತು.

ಹೆಸರಿನಲ್ಲೂ ಅದೇ ಲೆಕ್ಕಾಚಾರ. ಚಿಕ್ಕದಾಗಿರಬೇಕು, ಯಾರೂ ತಪ್ಪಾಗಿ ಉಚ್ಚರಿಸಬಾರದು, ಬೇರೆ ಯಾವುದನ್ನೂ ನೆನಪಿಸಬಾರದು. ಇಂಗ್ಲಿಷಿನ ಕೆ ಅಕ್ಷರದ ಮೇಲೆ ಈಸ್ಟ್‌ಮನ್‌ಗೆ ಮೊದಲಿಂದಲೂ ಒಲವು. ತಾಯಿಯ ತವರಿನ ಹೆಸರು ಶುರುವಾಗುವುದೂ ಅದೇ ಅಕ್ಷರದಿಂದ. ಅಕ್ಷರಗಳನ್ನು ಹಿಂದೆ ಮುಂದೆ ಜೋಡಿಸುತ್ತ, ಕೆಯಿಂದ ಶುರುವಾಗಿ ಕೆಯಲ್ಲೇ ಮುಗಿಯುವ ಕೊಡಾಕ್ ಎಂಬ ಪದವನ್ನು ಸೃಷ್ಟಿಸಿದರು.

ಸಿನಿಮಾಗೂ ಬಂತು ಫಿಲ್ಮ್

1889ರಲ್ಲಿ ಕಂಪನಿಯ ರಸಾಯನಶಾಸ್ತ್ರಜ್ಞ ಹೆನ್ರಿ ರೈಕೆನ್‌ಬಾಕ್ ಅವರ ಶ್ರಮದಿಂದ ಪಾರದರ್ಶಕ ಫಿಲ್ಮ್ ಸಿದ್ಧವಾಯಿತು. ಕಾಗದದ ಕಾಟ ತಪ್ಪಿತು. ಥಾಮಸ್ ಎಡಿಸನ್ ಅವರ ಪ್ರಯೋಗಾಲಯದಲ್ಲಿ ಚಲಿಸುವ ಚಿತ್ರಗಳ ಪ್ರಯೋಗ ನಡೆಸುತ್ತಿದ್ದ ವಿಲಿಯಂ ಡಿಕ್ಸನ್ ಆ ಫಿಲ್ಮನ್ನು ತರಿಸಿಕೊಂಡರು. ಮನೆಯ ಫೋಟೋಗೆಂದು ತಯಾರಾದ ಸುರುಳಿ ಸಿನಿಮಾಗೂ ಆಧಾರವಾಯಿತು. ಈಸ್ಟ್‌ಮನ್ ಹೆಸರು ದಶಕಗಳ ನಂತರ ಕನ್ನಡದ ಪ್ರೇಕ್ಷಕರನ್ನು ತಲುಪಿದ್ದೂ ಇದೇ ದಾರಿಯಲ್ಲಿ. ಕನ್ನಡ ಸಿನಿಮಾಗಳು ಬಣ್ಣಕ್ಕೆ ಹೊರಳಿದ ಕಾಲದಲ್ಲಿ ಪೋಸ್ಟರ್‌ಗಳ ಮೇಲೆ ಮಿಂಚುತ್ತಿದ್ದ ಈಸ್ಟ್‌ಮನ್ ಕಲರ್ ಎಂಬುದು ಅವರ ಕಂಪನಿಯ ಬಣ್ಣದ ಫಿಲ್ಮಿನ ಹೆಸರು.

ಒಂದು ಡಾಲರ್ ಕ್ಯಾಮೆರಾ

ಕೊಡಾಕ್ ಸುಲಭವಾಗಿತ್ತು, ಆದರೆ ಅಗ್ಗವಾಗಿರಲಿಲ್ಲ. ವಾರಕ್ಕೆ 3 ಡಾಲರ್ ದುಡಿಯುತ್ತಿದ್ದ ಕಾಲದಲ್ಲಿ ಈಸ್ಟ್‌ಮನ್ ಅವರೇ ಅದನ್ನು ಕೊಳ್ಳಬೇಕಿದ್ದರೆ ಎಂಟು ವಾರಕ್ಕೂ ಹೆಚ್ಚಿನ ಸಂಬಳವನ್ನು ಪೂರ್ತಿ ತೆಗೆದಿಡಬೇಕಾಗುತ್ತಿತ್ತು. ಆ ಅಂತರ ಕಳೆದದ್ದು 1900ರ ಫೆಬ್ರವರಿಯಲ್ಲಿ. ಆಗ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಕೇವಲ 1 ಡಾಲರ್. ಫಿಲ್ಮಿಗೆ 15 ಸೆಂಟ್.

ಇದನ್ನು ವಿನ್ಯಾಸಗೊಳಿಸಿದವರು ಫ್ರಾಂಕ್ ಬ್ರೌನೆಲ್. ಪಾಮರ್ ಕಾಕ್ಸ್ ಎಂಬ ಲೇಖಕ-ಚಿತ್ರಕಾರರ ಮಕ್ಕಳ ಕಥೆಗಳಲ್ಲಿದ್ದ ಬ್ರೌನಿ ಎಂಬ ಕುಳ್ಳ ಯಕ್ಷರ ಹೆಸರನ್ನು ಕ್ಯಾಮೆರಾಗೆ ಇಟ್ಟರು. ಗುರಿ ಮಕ್ಕಳು. ಮಕ್ಕಳು ಕೇಳಿದರೆ ಅಪ್ಪ ಅಮ್ಮ ಕೊಡಿಸುತ್ತಾರೆ, ಒಮ್ಮೆ ಕ್ಯಾಮೆರಾ ಮನೆಗೆ ಬಂದರೆ ಫಿಲ್ಮ್ ಕೊಳ್ಳುತ್ತಲೇ ಇರುತ್ತಾರೆ. ಮೊದಲ ವರ್ಷವೇ 1 ಲಕ್ಷಕ್ಕೂ ಹೆಚ್ಚು ಬ್ರೌನಿಗಳು ಮಾರಾಟವಾದವು. ಮುಂದೆ ಅಮೆರಿಕದ ಮಹಾನ್ ಫೋಟೋಗ್ರಾಫರ್ ಎನಿಸಿಕೊಂಡ ಆನ್ಸೆಲ್ ಆಡಮ್ಸ್ 1916ರಲ್ಲಿ, 14ರ ವಯಸ್ಸಿನಲ್ಲಿ, ಯೊಸೆಮಿಟಿ ಕಣಿವೆಯನ್ನು ಮೊದಲು ಸೆರೆಹಿಡಿದದ್ದು ಬ್ರೌನಿಯಲ್ಲೇ.

ಎಲ್ಲರ ಕೈಗೂ ಕ್ಯಾಮೆರಾ ಬಂದಾಗ ಹೊಸ ತಕರಾರುಗಳೂ ಬಂದವು. ಕೇಳದೆ ಫೋಟೋ ತೆಗೆಯುವವರ ಮೇಲೆ ಜನ ಸಿಟ್ಟಾಗತೊಡಗಿದರು. ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿಸ್ ಬ್ರಾಂಡೈಸ್ ಎಂಬ ವಕೀಲರು 1890ರಲ್ಲಿ ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಪ್ರಸಿದ್ಧ ಲೇಖನ ಬರೆದಾಗ, ಕ್ಷಣಾರ್ಧದಲ್ಲಿ ತೆಗೆಯುವ ಫೋಟೋಗಳೂ ಅವರ ಆತಂಕದ ಪಟ್ಟಿಯಲ್ಲಿದ್ದವು. ಇಂದು ಮೊಬೈಲ್ ಕ್ಯಾಮೆರಾ ಕುರಿತು ನಡೆಯುವ ಜಗಳಕ್ಕೆ ಅಷ್ಟು ಹಳೆಯ ಬೇರಿದೆ.

ಪಾದ್ರಿಯ ಪೇಟೆಂಟ್, 50 ಲಕ್ಷ ಡಾಲರ್ ಪರಿಹಾರ

ಈಸ್ಟ್‌ಮನ್ ಬದುಕಿನಲ್ಲಿ ಹೆಮ್ಮೆಪಡಲಾಗದ ಅಧ್ಯಾಯವೂ ಇದೆ. ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ ಹ್ಯಾನಿಬಲ್ ಗುಡ್‌ವಿನ್ ಎಂಬ ಪಾದ್ರಿ ಇದ್ದರು. ಪಾರದರ್ಶಕ ಫಿಲ್ಮಿಗಾಗಿ ಅವರು ಪೇಟೆಂಟ್ ಅರ್ಜಿ ಹಾಕಿದ್ದು 1887ರಲ್ಲಿ, ಅಂದರೆ ಕೊಡಾಕ್‌ನ ಪಾರದರ್ಶಕ ಫಿಲ್ಮಿಗಿಂತ ಎರಡು ವರ್ಷ ಮೊದಲು. ಆದರೆ ಅರ್ಜಿ ಕಚೇರಿಯಲ್ಲೇ ವರ್ಷಗಟ್ಟಲೆ ಅಲೆಯಿತು. ಪೇಟೆಂಟ್ ಸಿಕ್ಕಿದ್ದು 1898ರಲ್ಲಿ. ಅಷ್ಟರಲ್ಲಿ ಕೊಡಾಕ್ ಫಿಲ್ಮ್ ಲೋಕವನ್ನೆಲ್ಲ ಸುತ್ತಿತ್ತು. ಗುಡ್‌ವಿನ್ 1900ರ ಡಿಸೆಂಬರ್ 31ರಂದು ತೀರಿಕೊಂಡರು.

ಅವರ ಪೇಟೆಂಟನ್ನು ಪಡೆದುಕೊಂಡ ಕಂಪನಿ ಕೊಡಾಕ್ ಮೇಲೆ ದಾವೆ ಹೂಡಿತು. ವರ್ಷಗಳ ಕಾಲ ನಡೆದ ಮೊಕದ್ದಮೆಯಲ್ಲಿ ಕೊಡಾಕ್ ಸೋತಿತು. 1914ರಲ್ಲಿ ಈಸ್ಟ್‌ಮನ್ ಕಂಪನಿ 50 ಲಕ್ಷ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಮೊದಲು ಕಂಡುಹಿಡಿದವರಿಗೆ ಮಾತ್ರ ಅದನ್ನು ನೋಡುವ ಭಾಗ್ಯ ಇರಲಿಲ್ಲ.

ಮರುವರ್ಷ ಮತ್ತೊಂದು ಪೆಟ್ಟು. ಪ್ರತಿಸ್ಪರ್ಧಿ ಕಂಪನಿಗಳನ್ನು ಕೊಂಡುಕೊಳ್ಳುತ್ತ, ಅಂಗಡಿಗಳ ಮೇಲೆ ಷರತ್ತು ಹೇರುತ್ತ ಕೊಡಾಕ್ ಏಕಸ್ವಾಮ್ಯ ಸಾಧಿಸಿದೆ ಎಂದು 1915ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ಗ್ರಾಹಕನ ಕೆಲಸವನ್ನೆಲ್ಲ ತಾನೇ ಹೊತ್ತ ಕಂಪನಿ, ಮಾರುಕಟ್ಟೆಯನ್ನೂ ತಾನೇ ಹೊರಲು ಹೊರಟಿತ್ತು.

ಹೆಸರು ಹೇಳದ ದಾನಿ

ಹಣ ಕೂಡಿಹಾಕಿದಷ್ಟೇ ಗಂಭೀರವಾಗಿ ಈಸ್ಟ್‌ಮನ್ ಹಣ ಹಂಚಿದರು. 1899ರಲ್ಲಿ ತಮ್ಮ ಸ್ವಂತ ಹಣದಿಂದ ಕಾರ್ಮಿಕರಿಗೆ ಕೊಡುಗೆ ನೀಡಿದರು. 1912ರಲ್ಲಿ ಕಂಪನಿಯ ಲಾಭಾಂಶಕ್ಕೆ ತಕ್ಕಂತೆ ಕಾರ್ಮಿಕರಿಗೂ ಬೋನಸ್ ಕೊಡುವ ಪದ್ಧತಿ ತಂದರು. 1919ರಲ್ಲಿ ತಮ್ಮ ಷೇರುಗಳ ಮೂರನೇ ಒಂದು ಭಾಗವನ್ನು ನೌಕರರಿಗೆ ಬಿಟ್ಟುಕೊಟ್ಟರು. ಆಗ ಅದರ ಮೌಲ್ಯ 1 ಕೋಟಿ ಡಾಲರ್.

1912ರಲ್ಲಿ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ, ಅಂದರೆ ಎಂಐಟಿಗೆ, ಹೊಸ ಕ್ಯಾಂಪಸ್ ಕಟ್ಟಲು 25 ಲಕ್ಷ ಡಾಲರ್ ಬಂತು. ಕೊಟ್ಟವರ ಹೆಸರು ಮಿಸ್ಟರ್ ಸ್ಮಿತ್. ಈ ಸ್ಮಿತ್ ಯಾರು ಎಂಬ ಕುತೂಹಲ ಎಂಟು ವರ್ಷ ನಡೆಯಿತು. ಅದು ಈಸ್ಟ್‌ಮನ್ ಎಂಬುದು 1920ರಲ್ಲಿ ಬಹಿರಂಗವಾಯಿತು. ಎಂಐಟಿಗೆ ಅವರು ಕೊಟ್ಟ ಒಟ್ಟು ಮೊತ್ತ ಸುಮಾರು 2 ಕೋಟಿ ಡಾಲರ್. ತಮ್ಮ ಕಂಪನಿಯಲ್ಲಿದ್ದ ಎಂಐಟಿ ಪದವೀಧರರ ಕೆಲಸ ನೋಡಿ ಮೆಚ್ಚಿದ್ದೇ ಇದಕ್ಕೆ ಕಾರಣ. ಅವರು ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ.

ರಾಚೆಸ್ಟರ್ ವಿಶ್ವವಿದ್ಯಾಲಯ, ಅದರ ಸಂಗೀತ ಶಾಲೆ, ಕಪ್ಪು ವರ್ಣೀಯರ ಶಿಕ್ಷಣಕ್ಕೆ ಮೀಸಲಾಗಿದ್ದ ಟಸ್ಕೆಗೀ ಮತ್ತು ಹ್ಯಾಂಪ್ಟನ್ ಸಂಸ್ಥೆಗಳು ಅವರ ನೆರವು ಪಡೆದವು. ಮಕ್ಕಳ ಹಲ್ಲಿನ ಆರೋಗ್ಯಕ್ಕಾಗಿ ರಾಚೆಸ್ಟರ್‌ನಲ್ಲಿ ಆರಂಭಿಸಿದ ಚಿಕಿತ್ಸಾಲಯದ ಮಾದರಿಯಲ್ಲೇ ಲಂಡನ್, ರೋಮ್, ಪ್ಯಾರಿಸ್, ಬ್ರಸೆಲ್ಸ್ ಮತ್ತು ಸ್ಟಾಕ್‌ಹೋಮ್‌ಗಳಲ್ಲೂ ಚಿಕಿತ್ಸಾಲಯಗಳು ತಲೆಯೆತ್ತಿದವು. ಜೀವಮಾನದಲ್ಲಿ ಅವರು ಕೊಟ್ಟ ದಾನ 10 ಕೋಟಿ ಡಾಲರ್ ದಾಟಿತು.

ಒಂಟಿ ಮನೆ, ಕೊನೆಯ ದಿನಗಳು

ಲೋಕದ ಕುಟುಂಬಗಳಿಗೆಲ್ಲ ಆಲ್ಬಂ ಕೊಟ್ಟ ಈಸ್ಟ್‌ಮನ್ ತಾವು ಮದುವೆಯಾಗಲಿಲ್ಲ. ಪ್ರಚಾರದಿಂದ ದೂರವೇ ಇದ್ದರು. ತಾಯಿಯೇ ಅವರ ಸರ್ವಸ್ವ. ರಾಚೆಸ್ಟರ್‌ನ ಈಸ್ಟ್ ಅವೆನ್ಯೂದಲ್ಲಿ 1905ರಲ್ಲಿ ದೊಡ್ಡ ಬಂಗಲೆ ಕಟ್ಟಿಸಿ ತಾಯಿಯನ್ನು ಕರೆತಂದರು. ಆದರೆ 1907ರಲ್ಲಿ ಮರಿಯಾ ತೀರಿಕೊಂಡರು. ಬೆಳಗಿನ ಉಪಾಹಾರದ ಹೊತ್ತಿಗೆ ಸಂಗೀತಗಾರರೊಬ್ಬರು ಆರ್ಗನ್ ನುಡಿಸುತ್ತಿದ್ದ ಆ ಬಂಗಲೆಯಲ್ಲಿ ಈಸ್ಟ್‌ಮನ್ ಉಳಿದ 25 ವರ್ಷ ಒಂಟಿಯಾಗಿ ಕಳೆದರು.

ಲೆಕ್ಕಾಚಾರದ ಮೇಲಿನ ಪ್ರೀತಿ ಎಷ್ಟಿತ್ತೆಂದರೆ, ತಲಾ 28 ದಿನಗಳ 13 ತಿಂಗಳಿರುವ ಕ್ಯಾಲೆಂಡರನ್ನು ಜಗತ್ತೆಲ್ಲ ಒಪ್ಪಬೇಕೆಂದು ಅವರು ಪ್ರಚಾರ ಮಾಡಿದರು. ಜಗತ್ತು ಒಪ್ಪಲಿಲ್ಲ. ಕೊಡಾಕ್ ಕಂಪನಿ ಮಾತ್ರ ತನ್ನ ಲೆಕ್ಕಪತ್ರಗಳಲ್ಲಿ ಅದನ್ನು 1989ರವರೆಗೂ ಬಳಸಿತು.

ಕೊನೆಯ ವರ್ಷಗಳಲ್ಲಿ ಬೆನ್ನುಹುರಿಯ ಕಾಯಿಲೆ ಅವರನ್ನು ಹಿಂಡಿತು. ನಿಲ್ಲುವುದು, ನಡೆಯುವುದು ಕಷ್ಟವಾಯಿತು. ಅಕ್ಕ ಮತ್ತು ತಾಯಿ ಗಾಲಿಕುರ್ಚಿಯಲ್ಲಿ ದಿನ ಕಳೆದದ್ದನ್ನು ಅವರು ಕಂಡಿದ್ದರು. 1932ರ ಮಾರ್ಚ್ 14ರಂದು, 77ರ ವಯಸ್ಸಿನಲ್ಲಿ, ತಮ್ಮ ಕೆಲಸ ಮುಗಿಯಿತೆಂದು ಸ್ನೇಹಿತರಿಗೆ ಚೀಟಿ ಬರೆದಿಟ್ಟು ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಅಷ್ಟು ಜನರಿಗೆ ನೆರವಾದ ಮನುಷ್ಯ ತನ್ನ ನೋವನ್ನು ಒಬ್ಬನೇ ನುಂಗಿಕೊಂಡದ್ದು ಆ ಸಾವಿನ ದೊಡ್ಡ ದುಃಖ.

ರೀಲ್ ಹೋಯಿತು, ರೂಢಿ ಉಳಿಯಿತು

ಚೆನ್ನಾಗಿ ಮಾರಾಟವಾಗುತ್ತಿದ್ದ ಒಣ ಪ್ಲೇಟನ್ನು ಹಿಂದಕ್ಕೆ ಸರಿಸಿ ಫಿಲ್ಮ್ ಕಡೆ ಹೊರಳಿದ ಧೈರ್ಯ ಈಸ್ಟ್‌ಮನ್ ಅವರದ್ದು. ಅಂಥದ್ದೇ ಪರೀಕ್ಷೆ ಕೊಡಾಕ್‌ಗೆ ಮತ್ತೆ ಎದುರಾಯಿತು. 1975ರಲ್ಲಿ ಅದೇ ಕಂಪನಿಯ ಎಂಜಿನಿಯರ್ ಸ್ಟೀವ್ ಸ್ಯಾಸನ್ ಫಿಲ್ಮೇ ಬೇಡದ ಡಿಜಿಟಲ್ ಕ್ಯಾಮೆರಾವನ್ನು ತಯಾರಿಸಿ ತೋರಿಸಿದರು. ಫಿಲ್ಮಿನಿಂದಲೇ ಲಾಭ ಎಣಿಸುತ್ತಿದ್ದ ಕಂಪನಿಗೆ ಅದನ್ನು ಬಿಟ್ಟುಕೊಡುವ ಮನಸ್ಸಾಗಲಿಲ್ಲ. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಗ್ರಾಹಕನ ಕೆಲಸವನ್ನು ಇನ್ನಷ್ಟು ಕಡಿಮೆ ಮಾಡಿದವರು ಈ ಬಾರಿ ಬೇರೆಯವರು. ಮರುವರ್ಷ ದಿವಾಳಿ ಪ್ರಕ್ರಿಯೆಯಿಂದ ಹೊರಬಂದರೂ ಕಂಪನಿ ಹಳೆಯ ಗಾತ್ರಕ್ಕೆ ಮರಳಲಿಲ್ಲ.

36 ಫೋಟೋಗಳ ರೀಲ್ ಹಾಕಿಸಿ, ಒಂದೊಂದನ್ನೂ ಎಣಿಸಿ ತೆಗೆದು, ಸ್ಟುಡಿಯೋದಲ್ಲಿ ತೊಳೆಯಲು ಕೊಟ್ಟು ವಾರಗಟ್ಟಲೆ ಕಾದವರಿಗೆ ಆ ಕಾಲ ಇನ್ನೂ ನೆನಪಿರುತ್ತದೆ. ಇಂದು ರೀಲ್ ಎಂದರೆ ಮೊಬೈಲಿನಲ್ಲಿ ಓಡುವ ವಿಡಿಯೋ. ರಾಚೆಸ್ಟರ್‌ನ ಈಸ್ಟ್ ಅವೆನ್ಯೂ ಬಂಗಲೆ 1949ರಿಂದ ಫೋಟೋಗ್ರಫಿಯ ವಸ್ತುಸಂಗ್ರಹಾಲಯ. ಒಬ್ಬರೇ ಬದುಕಿದ ಆ ಮನೆಯೊಳಗೆ ಈಗ ನಿತ್ಯ ಜನ ಓಡಾಡುತ್ತಾರೆ, ಬಹುತೇಕ ಎಲ್ಲರ ಕೈಯಲ್ಲೂ ಒಂದೊಂದು ಕ್ಯಾಮೆರಾ ಇರುತ್ತದೆ.